ದೇವದುರ್ಗದಲ್ಲಿ ಜಪಾನಿ ಆರ್ಕೆಸ್ಟ್ರಾ

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನಲ್ಲಿ ಪತ್ರಿಕಾ ವರದಿಗಾರನಾಗಿದ್ದೆ. ದೇವದುರ್ಗದ ನಮ್ಮ ಮಾವನವರು ಅದನ್ನು ನೌಕರಿಯೆಂದು ಒಪ್ಪಿರಲಿಲ್ಲ. ಒಪ್ಪಿಸುವ ಅವಕಾಶ ತಾನಾಗಿಯೇ ಬಂತು. ಜಪಾನಿಯರು ಇಂಗ್ಲಿಷ್ ಪದಗಳನ್ನು ಕತ್ತರಿಸಿ, ಜೋಡಿಸಿ ಆಡುಮಾತು ಮಾಡಿಕೊಳ್ಳುವ ಬಗ್ಗೆ ನಾನೊಂದು ಪುಟ್ಟ ಲೇಖನ ಬರೆದಿದ್ದೆ. ಅದನ್ನೋದಿದ ಮಾವನವರು ತಾವು ಅಧ್ಯಕ್ಷರಾಗಿದ್ದ ವಾಚನಾಲಯದಲ್ಲಿ ನನ್ನ ಉಪನ್ಯಾಸ ಇಟ್ಟರು.

"ಹತ್ತು ಮಂದಿ ಬಂದ್ರ ಪುಣ್ಯ. ಅದರಾಗ ಅರ್ಧ ನಮ್ಮ ಮನಿಯವರ," ಎಂದಳು ಹೆಂಡತಿ.

ಹೋಗಿ ನೋಡಿದರೆ ಜನವೋ ಜನ! ಸುತ್ತಲ ಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು. ದೇವದುರ್ಗಕ್ಕೆ ಭಾಷಾಶಾಸ್ತ್ರದ ಹಸಿವು ಇಷ್ಟಿದೆಯೆಂದು ನನಗೆ ಗೊತ್ತಿರಲಿಲ್ಲ.

ಗಂಭೀರವಾಗಿ ಆರಂಭಿಸಿದೆ. "ಎಂಜಿನ್, ಸ್ಟಾಪ್ ಎರಡೂ ಸೇರಿ ಅವರಲ್ಲಿ 'ಎನ್‌ಸುತೊ'. ಗಾಡಿ ನಡುದಾರಿಯಲ್ಲಿ ನಿಂತರೆ ಹೀಗೆನ್ನುತ್ತಾರೆ. ರೇಡಿಯೊ, ಕ್ಯಾಸೆಟ್ ಸೇರಿ 'ರಾಜಿಕಾಸೆ'..."

"ಅದೆಲ್ಲಾ ಇರ್ಲಿ ಸಾಹೇಬ್ರ, ಆರ್ಕೆಸ್ಟ್ರಾ ಯಾವಾಗ ಚಾಲೂ?" ಹಿಂದಿನಿಂದ ಒಬ್ಬ ಕೂಗಿದ.

ನಾನು ಮಾವನವರತ್ತ ತಿರುಗಿದೆ. ಅವರು ಧೋತರದ ಚುಂಗು ನೋಡುತ್ತ ಪಿಸುಗುಟ್ಟಿದರು: "ಬರೇ ಭಾಷಣ ಅಂದ್ರ ಯಾರು ಬರ್ತಾರ್ರಿ ಅಳಿಯಂದ್ರ? ನಿಮ್ಮ ಲೇಖನದಾಗ ಆರ್ಕೆಸ್ಟ್ರಾ ಅಂತ ಇತ್ತು. ಸಂತ್ಯಾಗ ಜಪಾನಿ ಆರ್ಕೆಸ್ಟ್ರಾ ಅಂತ ಡಂಗುರ ಹೊಡಿಸೀನಿ. ನನ್ನ ಮರ್ಯಾದಿ ನಿಮ್ಮ ಕೈಯಾಗ ಅದ."

ಸತ್ಯ ಕಾಪಾಡೀತೆಂದು ನಂಬಿದೆ. "ಮಹನೀಯರೇ, ನನ್ನ ಲೇಖನದಲ್ಲಿ ಆರ್ಕೆಸ್ಟ್ರಾ ಬಂದದ್ದು 'ಕರಾ-ಓಕೆ' ಎಂಬ ಪದದಲ್ಲಿ. ಕರಾ ಎಂದರೆ ಜಪಾನಿಯಲ್ಲಿ ಖಾಲಿ. ಓಕೆ ಎಂದರೆ ಆರ್ಕೆಸ್ಟ್ರಾದ ಒಂದು ತುಂಡು. ವಾದ್ಯದವರು ಇರುವುದಿಲ್ಲ. ಟೇಪಿನ ಸಂಗೀತಕ್ಕೆ ನಾವೇ ಹಾಡಿಕೊಳ್ಳಬೇಕು!"

"ಖಾಲಿ ಆರ್ಕೆಸ್ಟ್ರಾ ನೋಡಾಕ ಬಂಡಿ ಕಟ್ಟಿಗೊಂಡು ಬಂದೀವೇನ್ರಿ?"

"ಹಂಗಾರ ನೀವ ಹಾಡ್ರಿ!"

"ಮಂದಿ ಏಳಾಕತ್ಯಾರ, ಹಾಡಿಬಿಡ್ರಿ," ಮಾವನವರು ಕೈಮುಗಿದರು.

ಟೇಪು ಇರಲಿಲ್ಲ. ಕಂಠವೂ ಇರಲಿಲ್ಲ. ಹಾಡಿದೆ. ಎರಡನೇ ಚರಣಕ್ಕೆ ಸಭೆಯೇ ಖಾಲಿ! ಪದದ ಮೂಲಾರ್ಥ ಸಾಬೀತಾಯಿತು.

ಹೋದ ಮರ್ಯಾದೆ ಪೇಪರಿನಲ್ಲಾದರೂ ಮರಳಿ ಬರಲೆಂದು ಮಾವನವರು ಹಟ ಹಿಡಿದರು. ಉದ್ದನೆಯ ವರದಿ ಕಳಿಸಿದೆ. ಕತ್ತರಿಸುವುದರಲ್ಲಿ ನಮ್ಮ ಪತ್ರಿಕೆಯ ಡೆಸ್ಕಿನವರು ಜಪಾನಿಯರಿಗೂ ಗುರುಗಳು. ಉಪನ್ಯಾಸ ನಡೆಯಿತು, ಅಧ್ಯಕ್ಷರು ಮಾತನಾಡಿದರು ಎಂದಷ್ಟೇ ಅಚ್ಚಾಗಿತ್ತು. ಮಾವನವರ ಹೆಸರು ಇನಿಷಿಯಲ್ ಸಮೇತ ಇತ್ತು. ನನ್ನದು ಹೋಗಿತ್ತು.

"ನಿಮ್ಮ ಹೆಸರ ಇಲ್ಲಲ್ರೀ!" ಹೆಂಡತಿ ಮರುಗಿದಳು.

ಮಾವನವರು ಪೇಪರನ್ನು ಜೋಪಾನವಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡರು.

"ಈಗ ಅನಸ್ತದ ನೋಡ್ರಿ ಅಳಿಯಂದ್ರ, ನಿಮ್ದೂ ಒಂದು ನೌಕರಿ ಅಂತ."