ಪೆಟ್ರೋಲ್ ಬಂಕಿನ ಮಡಿ

ನಮ್ಮ ಸೋದರಮಾವನ ಕಾರಿಗೆ ಪೆಟ್ರೋಲ್ ಹಾಕಿಸುವುದಕ್ಕಿಂತ ಒಂದು ಮದುವೆ ಮಾಡಿ ಮುಗಿಸುವುದು ಸುಲಭ. ಉತ್ಪ್ರೇಕ್ಷೆ ಎನ್ನುತ್ತೀರಾ? ಮದುವೆಯಲ್ಲಿ ಊಟವಾದರೂ ಸಿಗುತ್ತದೆ!

ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಇಟ್ಟುಕೊಂಡು ಪಾಲಿಯೆಸ್ಟರ್ ಸೀರೆ ನೇಯುವ ಮಾವನಿಗೆ ದೇವರ ಭಯವಿಲ್ಲ, ಪೊಲೀಸರ ಭಯವಿಲ್ಲ. ಇರುವುದು ಸ್ಟ್ಯಾಟಿಕ್ ಕರೆಂಟಿನ ಭಯ ಒಂದೇ. ಚಳಿಗಾಲದಲ್ಲಿ ಮಗ್ಗದ ಮೇಲಿನ ಸೀರೆ ಮುಟ್ಟಿದರೆ ಚಟ್ ಎಂದು ಕಿಡಿ ಹಾರುತ್ತದಂತೆ. ಅದೇ ಕಿಡಿ ಪೆಟ್ರೋಲ್ ಆವಿಗೆ ತಗುಲಿದರೆ? ಈ ಪ್ರಶ್ನೆ ಅವರ ತಲೆ ಹೊಕ್ಕ ದಿನದಿಂದ ನಮಗೆ ನೆಮ್ಮದಿಯಿಲ್ಲ.

ಬಂಕಿಗೆ ಬಂದೊಡನೆ ಎಲ್ಲರೂ ಇಳಿಯಬೇಕು. ಚಪ್ಪಲಿ ಬಿಡಬೇಕು. ಮೈಯಲ್ಲಿ ಸೇರಿಕೊಂಡ ಕರೆಂಟು ಇಳಿದುಹೋಗಲೆಂದು, ಟ್ಯಾಂಕಿನ ಮುಚ್ಚಳದಿಂದ ದೂರ ನಿಂತು ಕಾರಿನ ಲೋಹ ಮುಟ್ಟಬೇಕು. ಟ್ಯಾಂಕ್ ತುಂಬುವವರೆಗೆ ಮತ್ತೆ ಒಳಗೆ ಕೂರುವಂತಿಲ್ಲ. ಕೂತರೆ ಬಟ್ಟೆ ಸೀಟಿಗೆ ಉಜ್ಜಿ ಮೈಲಿಗೆ!

"ಮಾವ, ಪೈಪ್ ಹಿಡಿಯೋನು ಬಂಕಿನೋನು. ನಾವ್ಯಾಕೆ ಮುಟ್ಬೇಕು?"

"ಅವನು ನೆಲದ ಮೇಲೆ ನಿಂತವ್ನೆ. ನೀನು ಸೀಟಿನ ಮೇಲೆ ಹೊರಳಾಡ್ಕೊಂಡು ಬಂದಿದ್ದೀಯ. ಮುಟ್ಟು ಮೊದ್ಲು."

ಇದು ವಿಜ್ಞಾನವೋ ಮಡಿಯೋ ಗೊತ್ತಾಗದೆ ನಾನು ಮುಟ್ಟುತ್ತಿದ್ದೆ.

ಒಮ್ಮೆ ಶಿವಗಂಗೆಗೆ ಹೊರಟವರು ನೆಲಮಂಗಲದ ಹತ್ತಿರ ಬಂಕಿಗೆ ನುಗ್ಗಿದೆವು. ಇಡೀ ಸಂಸಾರ ಬರಿಗಾಲಲ್ಲಿ ನಿಂತು, ಗಂಭೀರವಾಗಿ ಕಾರು ಮುಟ್ಟಿತು. ಹಿಂದೆ ಹೊಚ್ಚ ಹೊಸ ಕಾರಿನಲ್ಲಿದ್ದ ಅಜ್ಜಿಯೊಬ್ಬರು ಇದನ್ನು ನೋಡಿ ತಮ್ಮವರನ್ನೆಲ್ಲ ಇಳಿಸಿದರು, ಕಾರು ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಷ್ಟಕ್ಕೇ ನಿಲ್ಲಿಸಿದರೆ? ಚೀಲದಿಂದ ಕರ್ಪೂರ, ಬೆಂಕಿಪೊಟ್ಟಣ ತೆಗೆದರು!

ಮಾವ ಹಾರಿಹೋಗಿ ಪೊಟ್ಟಣ ಕಿತ್ತುಕೊಂಡರು. ಅಜ್ಜಿಗೆ ಬೇಜಾರಾಯಿತು.

"ಯಾಕಪ್ಪಾ, ನೀವು ಮಾತ್ರ ಪೂಜೆ ಮಾಡ್ಬೋದು, ನಾವು ಮಾಡ್ಬಾರ್ದಾ?"

"ಅಮ್ಮಾ, ಬೆಂಕಿ ಹತ್ತಬಾರ್ದು ಅಂತಾನೇ ನಾವು ಮುಟ್ಟಿದ್ದು."

"ನಾನೂ ಅದಕ್ಕೇ ಅಲ್ವಾ ಆರತಿ ಎತ್ತೋದು!"

ಬಂಕಿನವನು ಒಮ್ಮೆ ಅಜ್ಜಿಯನ್ನು, ಒಮ್ಮೆ ಮಾವನನ್ನು ನೋಡಿ, "ಸಾರ್, ನಂಗೊಂದೂ ಅರ್ಥ ಆಗ್ಲಿಲ್ಲ. ಫುಲ್ ಟ್ಯಾಂಕಾ?" ಎಂದ.

ಕಳೆದ ಚಳಿಗಾಲದಲ್ಲಿ ಅತ್ತೆಗೆ ಮಂಡಿ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ದೇವನಹಳ್ಳಿ ದಾಟುವಷ್ಟರಲ್ಲಿ ಪೆಟ್ರೋಲ್ ಮುಳ್ಳು ತಳ ಮುಟ್ಟಿತು. ಬಂಕಿನಲ್ಲಿ ನಾನು ಇಳಿದೆ, ಮುಟ್ಟಿದೆ. ಅತ್ತೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದರು, ಮಾವನ ಮಗ್ಗದ್ದೇ ಪಾಲಿಯೆಸ್ಟರ್ ಸೀರೆ ಉಟ್ಟುಕೊಂಡು. ಅವರನ್ನು ಇಳಿಸುವಂತಿಲ್ಲ. ಪೆಟ್ರೋಲ್ ಇಲ್ಲದೆ ಮನೆ ಸೇರುವಂತಿಲ್ಲ.

ಮಾವ ಏನೂ ತೋಚದೆ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಾಕ್ಲಾ ಸಾರ್?"

ಮಾವ ಚಪ್ಪಲಿ ಬಿಟ್ಟರು. ಕಾರು ಮುಟ್ಟಿದರು. ಟ್ಯಾಂಕ್ ಇಲ್ಲದ ಕಡೆಗೆ ಹೋಗಿ, ಕಿಟಕಿಯೊಳಗೆ ಕೈ ಹಾಕಿ ಅತ್ತೆಯ ಕೈ ಹಿಡಿದುಕೊಂಡರು.

"ಏನಿದು, ಬಿಡಿ, ಜನ ನೋಡ್ತಾರೆ."

"ನೋಡ್ಲಿ. ನಿನ್ನ ಮೈಯಲ್ಲಿರೋ ಕರೆಂಟೆಲ್ಲ ನನ್ನ ಮೇಲಿಂದ ನೆಲಕ್ಕಿಳಿದು ಹೋಗ್ಲಿ."

"ನಿಮಗೆ ಹೊಡೆದ್ರೆ?"

"ನಂಗೆ ಹೊಡೀಲಿ ಬಿಡು."

ರಸ್ತೆಯಲ್ಲಿ ಅತ್ತೆಗಿಂತ ಹತ್ತು ಮಾರು ಮುಂದೆ ನಡೆಯುವ ಮನುಷ್ಯ ಇವರು. ಇದು ವಿಜ್ಞಾನ ಹೌದೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಆಗ ಮಾತ್ರ ನನ್ನ ಕಣ್ಣು ತುಂಬಿ ಬಂತು.

ಬಂಕಿನವನು ಪೈಪ್ ತೆಗೆದು, ಮುಚ್ಚಳ ಹಾಕಿ, "ಆಯ್ತು ಸಾರ್" ಎಂದ.

"ಗೊತ್ತಾಯ್ತಪ್ಪ" ಎಂದರು ಮಾವ. ಕೈ ಬಿಡಲಿಲ್ಲ.