ಬದನೆಕಾಯಿ ಗಾಡಿಯ ತೆಲುಗು

ಪರಭಾಷೆಯ ಊರಿನಲ್ಲಿ ಮನುಷ್ಯನ ಯೋಗ್ಯತೆ ಗೊತ್ತಾಗುವುದು ಕೊತ್ತಂಬರಿ ಸೊಪ್ಪು ಕೊಳ್ಳುವಾಗ. ಮೈಸೂರಿನ ಕಾಲೇಜಿನಲ್ಲಿ ವರ್ಷಾನುಗಟ್ಟಲೆ ಮೊಘಲರ ಆಡಳಿತವನ್ನು ಗಂಟಲು ಹರಿಯುವಂತೆ ಬೋಧಿಸಿದ ನಾನು, ಹೈದರಾಬಾದಿಗೆ ಬಂದ ಹೊಸತರಲ್ಲಿ ಒಂದು ಕಟ್ಟು ಸೊಪ್ಪು ಕೇಳಲು ಬಾಯಿ ಬಾರದೆ ಬೆರಳು ತೋರಿಸಿಕೊಂಡು ನಿಂತಿದ್ದೆ. ಹೆಂಡತಿಗೆ ಜೀಡಿಮೆಟ್ಲಾದ ಔಷಧ ಕಾರ್ಖಾನೆಯೊಂದರಲ್ಲಿ ದೊಡ್ಡ ಕೆಲಸ ಸಿಕ್ಕಿತ್ತು. ನಾನು ನನ್ನ ಕೆಲಸ ಬಿಟ್ಟು ಅವಳ ಹಿಂದೆ ಬಂದೆ. ಅವಳು ಬೆಳಿಗ್ಗೆ ಹೊರಟಳೆಂದರೆ ತರಕಾರಿ, ಇಸ್ತ್ರಿ, ಗ್ಯಾಸು, ಔಷಧದಂಗಡಿ ಎಲ್ಲವೂ ನನ್ನ ಖಾತೆ.

ತೆಲುಗೇನು ಮಹಾ, ನಮ್ಮ ಮಾತಿಗೇ ಅಲ್ಲೊಂದು ‘ಅಂಡಿ’, ಇಲ್ಲೊಂದು ‘ಲು’ ಸೇರಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಊರಿನವರು ಹಾಗೆ ಅಂದುಕೊಂಡಿರಲಿಲ್ಲ. ನಾನು ತೆಲುಗಿನಲ್ಲಿ ಕೇಳಿದರೆ ಇಸ್ತ್ರಿಯವನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದ. ಔಷಧದಂಗಡಿಯಲ್ಲಿ ಸೊಂಟನೋವಿನ ಮುಲಾಮು ಬೇಕೆಂದು ತೆಲುಗಿನಲ್ಲಿ ವಿವರಿಸಿ, ಅನುಮಾನ ಉಳಿಯದಿರಲೆಂದು ಸೊಂಟ ಹಿಡಿದು ಬಗ್ಗಿಯೂ ತೋರಿಸಿದೆ. ಅಂಗಡಿಯವನು ಗಂಭೀರವಾಗಿ ಭೇದಿಯಾಗುವ ಮಾತ್ರೆ ಕಟ್ಟಿಕೊಟ್ಟ. ಸುಲ್ತಾನ್ ಬಜಾರಿನಲ್ಲಿ ಟವೆಲ್ ಕೊಳ್ಳಲು ಹೋದಾಗ ಅಂಗಡಿಯ ಹಿರಿಯರೊಬ್ಬರು ನನ್ನ ತೆಲುಗನ್ನು ಕೊನೆಯವರೆಗೂ ಕೇಳಿಸಿಕೊಂಡು, “ಪಹಲೇ ಪಾನಿ ಪೀಲೋ ಸಾಬ್” ಎಂದು ನೀರಿನ ಲೋಟ ಮುಂದಿಟ್ಟರು. ನೀರು ಕುಡಿದು, ಟವೆಲ್ ಕೊಳ್ಳದೆ ಮನೆಗೆ ಬಂದೆ.

ನನ್ನ ಮಾನ ಉಳಿಸಿದವಳು ನಮ್ಮ ರಸ್ತೆಯ ತಿರುವಿನಲ್ಲಿ ತಳ್ಳುಗಾಡಿ ನಿಲ್ಲಿಸುವ ತರಕಾರಿಯ ಹೆಂಗಸು. “ಎಳೆ ವಂಕಾಯಲು ಇವ್ವಂಡಿ” ಅಂದರೆ ಸಾಕು, “ಎಳೇವೇ ಉನ್ನಾಯಿ ಅಂಡಿ” ಎನ್ನುತ್ತ, ಸ್ವಲ್ಪವೂ ತಡವರಿಸದೆ ಎಳೆ ಬದನೆಕಾಯಿಯನ್ನೇ ಆರಿಸಿ ತೂಗುತ್ತಿದ್ದಳು. ಅವಳ ಬಾಯಿಂದ ಬಂದದ್ದೆಲ್ಲ ನನಗೆ ಪಾಠ. ಮನೆಗೆ ಬರುವ ದಾರಿಯಲ್ಲಿ ಅದನ್ನೇ ಗಟ್ಟಿ ಮಾಡುತ್ತಿದ್ದೆ. ನೋಡನೋಡುತ್ತ ನಾವಿಬ್ಬರೂ ಬಿಸಿಲು, ಟೊಮೆಟೊ ಬೆಲೆ, ಅವಳ ಗಂಡನ ಗಾರೆ ಕೆಲಸ, ನನ್ನ ಸೊಂಟ ಎಲ್ಲವನ್ನೂ ತೆಲುಗಿನಲ್ಲೇ ಚರ್ಚಿಸುವ ಮಟ್ಟಕ್ಕೆ ಬಂದೆವು. ಇಡೀ ಹೈದರಾಬಾದಿನಲ್ಲಿ ನನ್ನ ತೆಲುಗು ಅರ್ಥವಾಗುತ್ತಿದ್ದುದು ಅವಳೊಬ್ಬಳಿಗೆ. ಉಳಿದವರಿಗೆ ತೆಲುಗು ಸರಿಯಾಗಿ ಬರುವುದಿಲ್ಲ ಎಂದು ತೀರ್ಮಾನಿಸಿದೆ.

ಇಷ್ಟನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಏನೂ ತೊಂದರೆ ಇರಲಿಲ್ಲ. ಆದರೆ ಮೈಸೂರಿನಲ್ಲಿ ಅತ್ತೆಯಿದ್ದಾರೆ. ಮಗಳಿಗೆ ಫೋನು ಮಾಡಿದಾಗಲೆಲ್ಲ, “ಅಳಿಯಂದಿರು ಈಗ ಏನು ಮಾಡ್ಕೊಂಡಿದಾರೆ?” ಎಂದು ವಿಚಾರಿಸುತ್ತಾರೆ. ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ. ಹೆಂಡತಿಯ ಸಂಬಳದಲ್ಲಿ ಉಣ್ಣುವ ಗಂಡಸು ಅತ್ತೆಗೆ ತೋರಿಸಲು ಒಂದಾದರೂ ಪದಕ ಇಟ್ಟುಕೊಂಡಿರಬೇಕಲ್ಲ. ಒಂದು ದಿನ ತಡೆಯಲಾರದೆ ಫೋನು ಕಿತ್ತುಕೊಂಡು, “ತೆಲುಗು ಕಲ್ತಿದೀನಿ ಅತ್ತೆ, ಇಲ್ಲಿಯವರ ಹಾಗೇ ಮಾತಾಡ್ತೀನಿ” ಅಂದುಬಿಟ್ಟೆ. ಅದನ್ನು ನೋಡಲೆಂದೇ ಅವರು ವಿಮಾನ ಹತ್ತಿ ಬಂದರು. ಶಂಶಾಬಾದಿನ ವಿಮಾನ ನಿಲ್ದಾಣದಿಂದ ಮನೆಯವರೆಗೆ ಟ್ಯಾಕ್ಸಿಯವನ ಜೊತೆ ಮಾತಾಡುವ ಪ್ರಸಂಗ ಬಾರದಿರಲೆಂದು ನಾನು ಹಲ್ಲುನೋವಿನ ನೆಪದಲ್ಲಿ ಕೆನ್ನೆ ಹಿಡಿದು ಕೂತಿದ್ದೆ.

“ನಿಮ್ಮ ತೆಲುಗು ಯಾವಾಗ ಕೇಳ್ಸೋದು?” ಅಂದರು ಅತ್ತೆ, ಮನೆಗೆ ಬಂದು ಕಾಫಿ ಕುಡಿದ ಮೇಲೆ.

“ನಾಳೆ ತರಕಾರಿಗೆ ಹೋಗೋಣ” ಅಂದೆ. ಇನ್ನೆಲ್ಲಿಗೆ ತಾನೇ ಕರೆದುಕೊಂಡು ಹೋಗಲಿ.

ಮರುದಿನ ಗಾಡಿಯ ಮುಂದೆ ನಿಂತು, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದೆ. “ಎಳೆ ವಂಕಾಯಲು ಇವ್ವಂಡಿ, ಹುಳಾಲು ಇರಕೂಡದಂಡಿ.”

“ಹುಳಾಲು ಲೇವಂಡಿ ಸಾರ್, ನಿನ್ನೆ ಬಂದಾಯಿ ಅಂಡಿ” ಅಂದಳು ಅವಳು, ಎಂದಿನ ಸರಾಗದಲ್ಲಿ.

ನಾನು ಹೆಮ್ಮೆಯಿಂದ ಅತ್ತೆಯ ಕಡೆ ತಿರುಗಿದೆ. ಅವರು ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದರು.

“ಇದು ತೆಲುಗಾ? ನನಗೆ ಎಲ್ಲಾ ಅರ್ಥ ಆಗ್ತಿದೆಯಲ್ಲ.”

“ಅಕ್ಕತಂಗಿ ಭಾಷೆಗಳು ಅತ್ತೆ” ಅಂದೆ.

ಅವರು ನಂಬಲಿಲ್ಲ. ನನ್ನನ್ನು ಪಕ್ಕಕ್ಕೆ ಸರಿಸಿ, ಸೀದಾ ಮೈಸೂರು ಕನ್ನಡದಲ್ಲಿ, “ನಿಂದು ಯಾವೂರಮ್ಮಾ?” ಎಂದು ಕೇಳಿದರು.

“ಯಾದಗಿರಿ ಕಡೀರಿ” ಅಂದಳು ಆಕೆ. ಅಂದವಳೇ ಗಾಬರಿಯಿಂದ ನನ್ನ ಮುಖ ನೋಡಿದಳು. “ಸಾಹೇಬ್ರು ನಮ್ಮ ಕನ್ನಡದವರೇನ್ರಿ? ನಾ ಈ ಊರಿಗಿ ಬಂದಾಗ ಒಂದಕ್ಷರ ತೆಲುಗು ಬರ್ತಿದ್ದಿಲ್ರಿ. ಇವರು ಮಾತಾಡೋದು ಕೇಳಿ ಕೇಳೇ ಕಲ್ತೀನಿ. ಓದಿದವರು, ಬರೋಬರಿ ಮಾತಾಡ್ತಾರಂತ ತಿಳ್ಕೊಂಡಿದ್ದೆ. ಬ್ಯಾರೆ ಗಿರಾಕಿ ನನ್ನ ಮಾತ ಕೇಳಿ ಯಾಕ ನಗ್ತಾರಂತ ಇವತ್ತ ತಿಳೀತು ನೋಡ್ರಿ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ತೆಲುಗು ಅಚ್ಚ ತೆಲುಗೆಂದು ನಾನು, ನನ್ನದು ಅಚ್ಚ ತೆಲುಗೆಂದು ಅವಳು, ಒಬ್ಬರಿಂದೊಬ್ಬರು ಕಲಿತು, ಆ ಗಾಡಿಯ ಸುತ್ತ ಮಾತ್ರ ಚಲಾವಣೆಯಾಗುವ ಭಾಷೆಯೊಂದನ್ನು ಕಟ್ಟಿದ್ದೆವು. ಹೊರಗೆ ಕಾಲಿಡುವ ಮುಂಚೆ ಕನ್ನಡವನ್ನು ಮನೆಯಲ್ಲೇ ಬಿಟ್ಟು ಬರುವುದು ಇಬ್ಬರಿಗೂ ಅಭ್ಯಾಸವಾಗಿತ್ತು. ಅತ್ತೆ ತಾವೇ ಬದನೆಕಾಯಿ ಆರಿಸಿ ಚೀಲಕ್ಕೆ ಹಾಕಿಸಿಕೊಂಡರು. ಸಂಜೆ ಮಗಳು ಬಂದ ಮೇಲೆ, “ನಿನ್ನ ಗಂಡನ ತೆಲುಗು ಚೆನ್ನಾಗಿದೆ ಕಣೆ, ಮೈಸೂರಿನವರಿಗೂ ಅರ್ಥ ಆಗುತ್ತೆ” ಎಂದು ಸರ್ಟಿಫಿಕೇಟು ಕೊಟ್ಟರು. ನನ್ನ ಪದಕ ಹೋಯಿತು. ಬದನೆಕಾಯಿ ಎಣ್ಣೆಗಾಯಿ ಮಾತ್ರ ಚೆನ್ನಾಗಿತ್ತು.

ಮರುದಿನ ಒಬ್ಬನೇ ಹೋದೆ. ಇನ್ನು ನಾಟಕ ಯಾಕೆ ಎಂದು, “ಏನಮ್ಮಾ, ಇವತ್ತು ಬದನೆಕಾಯಿ ಹೇಗಿದೆ?” ಎಂದು ಕನ್ನಡದಲ್ಲೇ ಕೇಳಿದೆ. ಅವಳಿಗೆ ಎಲ್ಲಿಲ್ಲದ ಖುಷಿ. ನಿನ್ನೆ ಅತ್ತೆಯ ಮುಂದೆ ಅಂಜಿ ನಿಧಾನಕ್ಕೆ ಮಾತಾಡಿದ್ದವಳು ಇವತ್ತು, “ಜವಾರಿ ಬದ್ನಿಕಾಯಿ ಅದಾವ ನೋಡ್ರಿ, ಖರೇನ ಭಾಳ ಹಸನದಾವ, ಮುಂಜಾನಿ ಮಾರ್ಕೆಟ್ನ್ಯಾಗ ಗುದ್ದಾಡಿ ತಂದೀನ್ರಿ, ಗುರೆಳ್ಳು ಕುಟ್ಟಿ ಹಾಕಿ ಮಾಡಸ್ರಿ...” ಎಂದು ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಮಾತನ್ನೆಲ್ಲ ಒಂದೇ ಉಸಿರಿಗೆ ಬಿಟ್ಟಳು. ನನಗೆ ಅರ್ಧ ತಿಳಿಯಲಿಲ್ಲ. “ಏನಂದೆ?” ಎಂದೆ. ಅವಳು ಇನ್ನೂ ಜೋರಾಗಿ, ಇನ್ನೂ ಬೇಗ ಹೇಳಿದಳು. ನಾನು ಏನೋ ವಿವರಿಸಿದೆ, ಅದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಹೊಸತರಲ್ಲಿ ಮಾಡುತ್ತಿದ್ದ ಹಾಗೆ ಬದನೆಕಾಯಿಯ ಕಡೆ ಬೆರಳು ತೋರಿಸಿದೆ.

ಆಮೇಲೆ ಅವಳೇ ತಕ್ಕಡಿ ಎತ್ತಿಕೊಂಡು ಮೆಲ್ಲಗೆ, “ಎಳೇವೇ ಉನ್ನಾಯಿ ಅಂಡಿ” ಅಂದಳು.

“ಹಾಗಾದರೆ ಅರ್ಧ ಕಿಲೋ ಇವ್ವಂಡಿ” ಅಂದೆ.