ಇಳಕಲ್ಲಿನ ಅಜ್ಜಿಗೆ ಜೊತೆಗಾರರು ಬೇಕು

ಮರೆವಿನ ಕಾಯಿಲೆಯವರ ನಡುವೆ ಕೆಲಸ ಮಾಡುವವರಿಗೆ ಮರೆಯಲಾಗದ ಪ್ರಸಂಗಗಳು ಎದುರಾಗುತ್ತಲೇ ಇರುತ್ತವೆ. ನಾನು ಬಾಗಲಕೋಟೆಯ ಒಂದು ದವಾಖಾನೆಯಲ್ಲಿ ನರ್ಸ್. ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಗೆ ಹೊಸ ಔಷಧವೊಂದರ ಪ್ರಯೋಗ ನಮ್ಮಲ್ಲಿ ನಡೆದಿದೆ. ಪ್ರಯೋಗ ಎಂದರೆ, ಔಷಧ ಕೆಲಸ ಮಾಡುತ್ತದೋ ಇಲ್ಲವೋ ಎಂದು ಇನ್ನೂ ನೋಡುತ್ತಿದ್ದೇವೆ ಎಂದರ್ಥ. ವಾಸಿಯಾಗಿಯೇ ಆಗುತ್ತದೆ ಎಂದಲ್ಲ. ಅದಕ್ಕೆ ಯಾರು ಸೇರಬಹುದು ಎಂದು ವಿವರಿಸುವುದು ನನ್ನ ಕೆಲಸ. ಆ ಚಟ ಇಲ್ಲಿಯೂ ಕಂಡರೆ ಸಹಿಸಿಕೊಳ್ಳಿ.

೧. ಒಬ್ಬರೇ ಬಂದರೆ ನಡೆಯದು

ಇಳಕಲ್ಲಿನಿಂದ ಸೀರೆ ನೇಯುವ ಅಜ್ಜಿಯೊಬ್ಬರು ಬಂದರು. ಮರೆವು ಈಗಷ್ಟೇ ಶುರುವಾಗಿತ್ತು. ನಮಗೆ ಬೇಕಾದವರು ಅಂಥವರೇ.

"ನಮ್ಮಕ್ಕ ಕಡೀಕ ಹೆತ್ತ ಮಗಳಿಗೇ 'ಯಾರವಾ ನೀ' ಅಂದ್ಲು. ನಾ ಹಂಗ ಅನ್ನಬಾರದು. ನನಗ ಉಪಯೋಗ ಆಗ್ಲಿಲ್ಲಂದ್ರೂ ಮುಂದ ನನ್ನ ಮಗಳಿಗೆ ಆದೀತು. ಸೇರಸ್ಕೋವಾ," ಎಂದರು.

ಆದರೆ ಜೊತೆಗೊಬ್ಬರು ಬರಲೇಬೇಕು, ದಿನಾ ಅವರನ್ನು ನೋಡುವಂಥವರು. ಯಾಕೆಂದರೆ, ಏನು ಮರೆತೆವು ಎಂಬುದು ಮರೆತವರಿಗೆ ಗೊತ್ತಿರುವುದಿಲ್ಲ. ಅಜ್ಜಿಯ ಮಗಳು ಇರುವುದು ಸೊಲ್ಲಾಪುರದಲ್ಲಿ. ಮನೆಯಲ್ಲಿ ಬೇರೆ ಯಾರೂ ಇಲ್ಲ.

"ಇಷ್ಟ ಹೌದಲ್ಲೋ? ಕರ್ಕೊಂಡ ಬರ್ತೇನಿ," ಎಂದು ಹೋದರು.

ಮುಂದಿನ ವಾರ ಬಂದಾಗ ಅವರ ಹಿಂದೆ ಖಾಕಿ ಅಂಗಿಯ ಕಂಡಕ್ಟರ್, ಕೈಯಲ್ಲಿ ಟಿಕೆಟ್ ಮಶೀನು.

"ಇವರಿಗೆ ನಾ ಭಾಳ ಗುರ್ತು," ಎಂದರು ಅಜ್ಜಿ.

ಕಂಡಕ್ಟರ್ ಕೈ ಮುಗಿದರು: "ಸಿಸ್ಟರ್, ಎಲ್ಲಿ ಸಹಿ ಮಾಡೂದು ಜಲ್ದಿ ಹೇಳ್ರಿ. ಬಸ್ಸು ಹೊರಗ ನಿಂತೈತಿ, ಮಂದಿ ಬೈಯಾಕತ್ತಾರ!"

೨. ಪಾಸಾದವರು ಫೇಲು

ಬಾದಾಮಿಯ ನಿವೃತ್ತ ಮಾಸ್ತರರೊಬ್ಬರು ನೆನಪಿನ ಪರೀಕ್ಷೆಗೆ ತಯಾರಾಗಿ ಬಂದಿದ್ದರು. ಇವತ್ತು ಯಾವ ವಾರ, ಇದು ಯಾವ ಊರು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೆಂಡತಿಯಿಂದ ಪ್ರಶ್ನೆ ಕೇಳಿಸಿಕೊಂಡು ಬಾಯಿಪಾಠ ಮಾಡಿದ್ದರಂತೆ. ಒಂದೂ ತಪ್ಪಲಿಲ್ಲ.

"ಸರ್, ನಿಮ್ಮ ನೆನಪು ಗಟ್ಟಿ ಐತ್ರಿ. ಈ ಪ್ರಯೋಗಕ್ಕ ನೀವು ಬರೂದಿಲ್ಲ," ಎಂದೆ.

ಮಾಸ್ತರರು ಕೆಂಪಾದರು. "ಜೀವನಪೂರ್ತಿ ಮರ್ತ ಹುಡುಗರನ್ನ ಫೇಲ್ ಮಾಡೀನಿ. ಈಗ ನೆನಪ ಇಟ್ಟಿದ್ದಕ್ಕ ನಾ ಫೇಲ್ ಏನ್ರಿ?"

ಅಂದು ಕಿರಾಣಿ ಅಂಗಡಿಯವರನ್ನು ಎಳೆದುಕೊಂಡು ಬಂದಿದ್ದ ನಮ್ಮ ಅಜ್ಜಿ ಬಾಗಿಲಿನಿಂದಲೇ ಸಮಾಧಾನ ಹೇಳಿದರು: "ಬೇಜಾರಾಗಬ್ಯಾಡ್ರಿ ಮಾಸ್ತರ. ಮುಂದಿನ ವರ್ಷ ಮತ್ತ ಕಟ್ರಿ, ಪಾಸ್ ಆಗ್ತೀರಿ!"

೩. ಡಾಕ್ಟರಿಗೂ ಗೊತ್ತಿಲ್ಲ

ಹುನಗುಂದದಲ್ಲಿ ಜನರನ್ನು ಕೂಡಿಸಿ ವಿವರಿಸುತ್ತಿದ್ದೆ. ಕೆಲವರಿಗೆ ಖರೆ ಔಷಧ, ಕೆಲವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ.

ಹಿಂದಿನಿಂದ ಒಬ್ಬರು ಎದ್ದರು: "ಏನ ಕೊಟ್ಟೀನಿ ಅನ್ನೂದ ಗೊತ್ತಿಲ್ಲಂದ್ರ, ಮೊದಲ ಆ ಡಾಕ್ಟರ್ನ ಸೇರಸ್ಕೋರಿ!"

ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ. ಅಲ್ಲಿಗೂ ಬಂದಿದ್ದರು. ಕಂಡಕ್ಟರ್, ಅಂಗಡಿಯವರು ಇಬ್ಬರನ್ನೂ ನಾವು ಒಪ್ಪಿರಲಿಲ್ಲ. "ಜೊತೆಗಾರರು ನೆಂಟರ ಆಗಬೇಕೇನವಾ?" ಎಂದರು.

"ಇಲ್ರಿ, ದಿನಾ ನಿಮ್ಮನ್ನ ನೋಡಿದ್ರ ಸಾಕು."

ಅಜ್ಜಿ ಹಲ್ಲು ಕಚ್ಚಿದರು. "ಹಂಗಾರ ಒಬ್ಬಾಕಿ ಅದಾಳ."

೪. ಎದುರು ಮನೆಯಾಕೆ

ಆ ಒಬ್ಬಾಕೆ ಎದುರು ಮನೆಯವರು. ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಅಜ್ಜಿ ಮಗಳಿಗಾಗಿ ಆ ಹಟವನ್ನೂ ನುಂಗಿ ಹೋಗಿ ಕರೆದಿದ್ದರು. ಬಸ್ಸಿನಲ್ಲಿ ಮಾತ್ರ ಒಬ್ಬರು ಮುಂದೆ, ಒಬ್ಬರು ಹಿಂದೆ.

ಡಾಕ್ಟರು ಕೇಳಿದ್ದಕ್ಕೆಲ್ಲ ಎದುರು ಮನೆಯಾಕೆ ಪಟಪಟ ಉತ್ತರ ಕೊಟ್ಟರು. ಅಜ್ಜಿ ಯಾವಾಗ ಏಳುತ್ತಾರೆ, ಯಾವ ದಿನ ಮಗ್ಗ ನಿಂತಿತ್ತು, ಯಾವ ದಿನ ಹಾಲು ಉಕ್ಕಿಸಿದರು, ಎಲ್ಲಾ.

"ಇವರಿಗೆ ಮರವು ಶುರು ಆಗೇತಿ ಅಂತ ನಿಮಗ ಯಾವಾಗ ಅನ್ನಿಸ್ತು?"

"ಒಂದಿನ ನಮ್ಮನಿಗೆ ಬಂದು 'ಹೆಪ್ಪಿಗೆ ಇಷ್ಟ ಮಸರ ಕೊಡವಾ' ಅಂದ್ಲು. ನಮ್ಮಿಬ್ಬರದು ಮಾತಿಲ್ಲ ಅನ್ನೂದ ಮರ್ತಿದ್ಲರಿ! ಎದಿ ಧಸಕ್ ಅಂತು ನನಗ."

"ಮಸರ ಕೊಟ್ರಿ?"

"ಕೊಡದ ಏನ ಮಾಡ್ಲಿ? ಅಕಿ ಮರ್ತಿದ್ಲು, ಪಾಪ."

ಇಷ್ಟು ಕಣ್ಣಿಟ್ಟು ನೋಡಿದ ಜೊತೆಗಾರರು ಮನೆಯವರಲ್ಲಿಯೂ ಸಿಕ್ಕಿಲ್ಲ ಎಂದು ಡಾಕ್ಟರು ಮುಂದಿನ ತಪಾಸಣೆಗೆ ಅಜ್ಜಿಯನ್ನು ಒಪ್ಪಿದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಸುಮ್ಮನಿರಬಹುದಿತ್ತು. "ಅಂದಂಗ, ಜಗಳ ಯಾತಕ್ಕ ಆಗಿತ್ತು?" ಎಂದರು.

ಅಜ್ಜಿ ಎದುರು ಮನೆಯಾಕೆಯನ್ನು ನೋಡಿದರು. ಎದುರು ಮನೆಯಾಕೆ ಅಜ್ಜಿಯನ್ನು ನೋಡಿದರು.

"ನೀ ಹೇಳ."

"ನೀನ ಹೇಳವಾ."

ಇಬ್ಬರಿಗೂ ನೆನಪಾಗಲಿಲ್ಲ. ಡಾಕ್ಟರು ಬಾಯಿ ತೆರೆಯುವ ಮೊದಲೇ ಅಜ್ಜಿ ಎದ್ದು ನಿಂತರು:

"ಸಾಹೇಬ್ರ, ಇಕಿನ್ನೂ ಸೇರಸ್ಕೋರಿ. ಇಕಿ ಜೊತಿ ನಾ ಬರ್ತೇನಿ!"